ಪೆಂಗ್ವಿನ್ ಊರಿನಲ್ಲಿ ದಾವಣಗೆರೆ ಡೇರೆ

ಅಂಟಾರ್ಕ್ಟಿಕಾದ ಕ್ಯಾಂಪುಗಳಿಗೆ ಡೇರೆ ಕೆಲಸದವರಾಗಿ ಹೊರಟಿರುವ ಹುಡುಗರು ಈಗೀಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಚಾಚಾ, ಚಳಿ ಎಷ್ಟಿರ್ತೈತೆ?" ಚಳಿ ಇರುತ್ತದಪ್ಪ, ಇರದೆ ಎಲ್ಲಿ ಹೋಗುತ್ತದೆ! ಅದಕ್ಕೆ ಕೋಟು ಕೊಡುತ್ತಾರೆ, ಬೂಟು ಕೊಡುತ್ತಾರೆ, ಮೂಗಿಗೂ ಒಂದು ಚೀಲ ಕೊಡುತ್ತಾರೆ. ಯಾರೂ ಕೊಡದೆ ಇರುವುದು ಬುದ್ಧಿ. ಅದನ್ನು ಊರಿಂದಲೇ ಹೊತ್ತುಕೊಂಡು ಹೋಗಬೇಕು. ನಾನೂ ಮೊದಲ ಸಲ ಹೋಗುವಾಗ ಮೂಟೆಗಟ್ಟಲೆ ಹೊತ್ತುಕೊಂಡೇ ಹೋಗಿದ್ದೆ. ಅದು ನನಗೆ ಹೇಗೆ ಕೈಕೊಟ್ಟಿತು ಎಂಬುದನ್ನು ಬರೆದಿಡೋಣ ಎಂದು ಕೂತಿದ್ದೇನೆ.

ನಾನು ದಾದಾಪೀರ್. ಸರಸ್ವತಿ ನಗರದಲ್ಲಿ ಮನೆ. ಒಟ್ಟು ಆರು ಸಲ ಅಲ್ಲಿಗೆ ಹೋಗಿಬಂದು ಈಗ ನಿವೃತ್ತನಾಗಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬರೆದರೆ ನನ್ನ ಹೆಂಡತಿ ಷಾಹಿದಾಗೂ ಓದಲು ಬೇಜಾರು. ಈಗಿನ ಡೇರೆಗಳ ಬಗ್ಗೆಯೂ ಹೆಚ್ಚು ಹೇಳಲಾರೆ. ಅವುಗಳ ಕೋಲಿನೊಳಗೆ ಗಾಳಿ ತುಂಬಿದರೆ ತಾವೇ ಎದ್ದು ನಿಲ್ಲುತ್ತವೆ, ಪೆಂಗ್ವಿನ್ ಎಣಿಸುವುದಕ್ಕೆ ಡ್ರೋನ್ ಹಾರುತ್ತದೆ, ಕೂತಲ್ಲೇ ಫೋಟೋ ಬರುತ್ತದೆ. ಒಳ್ಳೆಯದೇ. ಆದರೆ ಡೇರೆ ತಾನೇ ಎದ್ದು ನಿಂತರೂ ಕೂರಿಸಬೇಕಾದವನು ಮನುಷ್ಯನೇ. ಗಾಳಿಗೆ ಇದು ಗೊತ್ತು.

ನನ್ನ ಕಸುಬು ಶುರುವಾದದ್ದು ದಾವಣಗೆರೆಯ ಹಳೇಪೇಟೆಯ ಒಂದು ಗಲ್ಲಿಯಲ್ಲಿ, ಇಮಾಂಸಾಬರ ತಾಡಪಾಲು ಅಂಗಡಿಯಲ್ಲಿ. ಅವರನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತಿತ್ತು. ಲಾರಿಗೆ ಹೊದಿಸುವ ತಾಡಪಾಲು, ಮದುವೆಯ ಶಾಮಿಯಾನ, ಕಣದ ರಾಶಿ ಮುಚ್ಚುವ ಹೊದಿಕೆ, ಎಲ್ಲವೂ ಅಲ್ಲಿ ಹೊಲಿಗೆಗೆ ಬರುತ್ತಿದ್ದವು. ಸುಗ್ಗಿ ಹತ್ತಿರವಾದರೆ ಕುಕ್ಕುವಾಡದ ಕಡೆಯ ರೈತರು ಹರಿದ ತಾಡಪಾಲು ಸುತ್ತಿಕೊಂಡು ಬಂದು ಬಾಗಿಲಲ್ಲೇ ಕೂರುತ್ತಿದ್ದರು. ಉಸ್ತಾದರು ಹೊಲಿದು ಕೊಟ್ಟು ಸುಮ್ಮನಾಗುವವರಲ್ಲ. ಕೆಲವು ಸಲ ಕಣಕ್ಕೇ ಹೋಗಿ, ರಾಶಿಯ ಸುತ್ತ ತಾಡಪಾಲಿನ ಅಂಚು ಹೇಗೆ ಒತ್ತಬೇಕು ಎಂದು ತೋರಿಸಿಕೊಟ್ಟು ಬರುತ್ತಿದ್ದರು. ಮುಷ್ಟಿಗಿಂತ ಸಣ್ಣ ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ, ಸೀರೆಗೆ ಫಾಲ್ ಹಚ್ಚಿದ ಹಾಗೆ ಸಾಲಾಗಿ ಇಡಬೇಕು.

"ದೊಡ್ಡ ಕಲ್ಲು ಬಟ್ಟೆ ಕಡೀತೈತೆ, ಸಣ್ಣ ಕಲ್ಲು ಬಟ್ಟೆ ಹಿಡೀತೈತೆ," ಎನ್ನುತ್ತಿದ್ದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಒಪ್ಪಿಸುತ್ತಿದ್ದೆ.

ಅವರ ಇನ್ನೊಂದು ಪದ್ಧತಿ ಗುರುತಿನದು. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಗೂಟ, ಹಗ್ಗ, ಬಟ್ಟೆಗೆ ಟೇಲರ್ ಸೀಮೆಸುಣ್ಣದಿಂದ ನೀಲಿ ಬಣ್ಣದಲ್ಲಿ ಒಂದು ಕತ್ತರಿ ಗುರುತು ಎಳೆಯಲೇಬೇಕು. ಒಮ್ಮೆ ನಾನು ಸೋಮಾರಿತನದಿಂದ ಬಿಟ್ಟಾಗ ಕಿವಿ ಹಿಡಿದು ಹೇಳಿದ್ದರು: "ಗುರುತಿದ್ರೆ ಅದು ನಮ್ದು. ಚೆಂದಾದ್ರೂ ನಮ್ದು, ಹರಿದ್ರೂ ನಮ್ದು. ಹರಿದ ಮ್ಯಾಗೆ ಗುರುತು ಒರೆಸಾಂಗಿಲ್ಲ, ತಿಳೀತಾ?"

ಹೀಗಿರುವಾಗ ಒಂದು ದಿನ ಸುಮಂಗಲ ಮೇಡಂ ಅಂಗಡಿಗೆ ಬಂದರು. ಕುಕ್ಕುವಾಡದ ರೈತರ ಮಗಳು. ಅವರ ಅಪ್ಪನ ಮೆಕ್ಕೆಜೋಳದ ರಾಶಿಗೆ ಹೊದಿಸುತ್ತಿದ್ದುದು ನಮ್ಮ ತಾಡಪಾಲೇ. ಮಗಳು ಓದಿ ಓದಿ ಹಕ್ಕಿಗಳ ಡಾಕ್ಟರ್ ಆಗಿದ್ದರು. ಅಂದರೆ ಹಕ್ಕಿಗೆ ಇಂಜೆಕ್ಷನ್ ಕೊಡುವ ಡಾಕ್ಟರ್ ಅಲ್ಲ, ಹಕ್ಕಿ ನೋಡಿ ಬರೆಯುವ ಡಾಕ್ಟರ್. ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳು ಮೊಟ್ಟೆಗೆ ಕಾವು ಕೊಡುವುದರಿಂದ ಹಿಡಿದು ಮರಿ ಹೊರಬರುವ ತನಕ ಪಕ್ಕದಲ್ಲೇ ಡೇರೆ ಹಾಕಿ ಕೂತು ನೋಡಬೇಕೆಂಬುದು ಅವರ ಕೆಲಸ. ಹಿಂದಿನ ವರ್ಷ ಒಯ್ದಿದ್ದ ವಿದೇಶಿ ಡೇರೆ ಮೂರೇ ವಾರಕ್ಕೆ ಹರಿದು, ಅರ್ಧಕ್ಕೇ ವಾಪಸಾಗಿದ್ದರು. ಆ ಹರಿದ ಡೇರೆಯನ್ನೇ ಉಸ್ತಾದರ ಮುಂದೆ ಹರಡಿದರು.

ಉಸ್ತಾದರು ಕನ್ನಡಕ ಏರಿಸಿಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು. ಅಷ್ಟು ದೂರದಿಂದ ಬಂದ ಸಾಮಾನಿಗೆ ಅವರು ಕೊಟ್ಟ ಸರ್ಟಿಫಿಕೇಟು ಎರಡೇ ಮಾತಿನದು: "ಹೊಲಿಗೆ ಸುಮಾರೈತೆ."

ಆರು ತಿಂಗಳಲ್ಲಿ ಮೂರು ಡೇರೆ ತಯಾರಾದವು. ಅಡುಗೆಗೊಂದು, ಮಲಗಲಿಕ್ಕೊಂದು, ಪೆಂಗ್ವಿನ್ ನೋಡಲಿಕ್ಕೊಂದು. ಅವುಗಳ ಕೋಲುಗಳನ್ನು ಹರಿಹರದ ಒಂದು ಲೇತ್ ಶೆಡ್ಡಿನಲ್ಲಿ ಮಾಡಿಸಿದೆವು. ಪರೀಕ್ಷೆಗೆ ಆಷಾಢದ ಗಾಳಿಯೇ ಆಗಬೇಕೆಂದು ಉಸ್ತಾದರು ಹಟ ಹಿಡಿದರು. ಬಾತಿ ಗುಡ್ಡದ ಮೇಲೆ ಡೇರೆ ಹೊಡೆದು, ಅದರೊಳಗೆ ತಾವೇ ಹೋಗಿ ಕೂತರು. ಹೊರಗೆ ಗಾಳಿ ನಮ್ಮ ಟೋಪಿಗಳನ್ನು ಬಾತಿ ಕೆರೆ ಕಡೆ ಅಟ್ಟುತ್ತಿದ್ದರೆ ಒಳಗಿಂದ ಅವರ ದನಿ ಬಂತು: "ಏ ದಾದು, ಚಾ ಕಳಿಸೋ, ಇಲ್ಲಿ ಆರಾಮೈತೆ!"

ಡೇರೆ ಸಿದ್ಧವಾಯಿತು. ಆದರೆ ಅಲ್ಲಿ ಹರಿದರೆ ಹೊಲಿಯುವವರು ಯಾರು? ಸುಮಂಗಲ ಮೇಡಂ ನನ್ನ ಮುಖ ನೋಡಿದರು, ಉಸ್ತಾದರೂ ನನ್ನ ಮುಖ ನೋಡಿದರು. ನಲವತ್ತು ದಾಟಿದ್ದ ನಾನು ಅಂದು ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಹತ್ತುವುದು ಮರೆತೇ ಹೋಗಿತ್ತು!

ಷಾಹಿದಾ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಊಟಿಗೆ ಕರ್ಕೊಂಡು ಹೋಗ್ರಿ ಅಂದ್ರೆ ಹತ್ತು ವರ್ಷದಿಂದ ನೆಗಡಿ ಆಗ್ತೈತೆ ಅಂತಿದ್ರಿ. ಈಗ ಒಬ್ರೇ ಬರ್ಫಿನ ಊರಿಗೆ ಹೊಂಟೀರಾ?" ನಾನು ಸ್ವೆಟರ್ ಹುಡುಕುವ ನೆಪದಲ್ಲಿ ಟ್ರಂಕಿನೊಳಗೆ ತಲೆ ಹಾಕಿದೆ.

ತಯಾರಿಗೆಂದು ನಾನು ಹರಿಹರದ ಒಂದು ಐಸ್ ಫ್ಯಾಕ್ಟರಿಗೆ ಹೋಗತೊಡಗಿದೆ. ದಿನಾ ಬಸ್ಸಿನಲ್ಲಿ ಹೋಗಿ, ಐಸ್ ಗಡ್ಡೆಗಳ ನಡುವೆ ಸ್ಟೂಲ್ ಹಾಕಿಕೊಂಡು, ದಪ್ಪ ಕೈಗವಸು ತೊಟ್ಟು ದಬ್ಬಣಕ್ಕೆ ದಾರ ಪೋಣಿಸುವುದು. ಅಲ್ಲಿನ ಕೆಲಸಗಾರರು ಬಾಗಿಲಿಂದ ಇಣುಕುತ್ತಿದ್ದರು. "ಏನ್ರೀ ಸಾಬ್ರೇ, ಹೊರಗ ಬಿಸಿಲಾಗೆ ಕುಂತ್ರೆ ಹೊಲಿಗಿ ಬೀಳಲ್ವಾ?" ಎಂದು ಒಬ್ಬ ಕೇಳಿದ. ಹೊಲಿಗೆ ಬೀಳಲಿಲ್ಲ, ಮೊದಲ ದಿನ ನನ್ನ ತುಟಿಯ ಚರ್ಮ ಬಿತ್ತು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನಮ್ಮ ಟೇಲರ್ ಜಾತಿಯ ಹುಟ್ಟು ಚಾಳಿ. ಆ ಚಳಿಗೆ ಸೂಜಿ ತುಟಿಗೆ ಅಂಟಿಕೊಂಡಿತು, ಎಳೆದರೆ ಚರ್ಮ ಸಮೇತ ಬಂತು. ಹುಡುಗರೇ, ಅಲ್ಲಿ ಸೂಜಿಯನ್ನು ತೋಳಿನ ಉಣ್ಣೆಗೆ ಚುಚ್ಚಿಕೊಳ್ಳಿ. ಇದನ್ನು ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ.

ಹೊರಡುವ ದಿನ ಉಸ್ತಾದರು ಒಂದು ಡಬ್ಬಿ ನೀಲಿ ಸೀಮೆಸುಣ್ಣ ಕೈಗಿಟ್ಟು ಹೇಳಿದರು: "ಹೊಲಿಗೆ ನಂದು, ಕಟ್ಟೋದು ನಿಂದು. ಹೆಸರು ಕೆಡಿಸಬ್ಯಾಡ."

ವಿಮಾನ, ಆಮೇಲೆ ಹಡಗು. ಹಡಗಿನ ಬಗ್ಗೆ ಬರೆಯುವುದಿಲ್ಲ. ವಾಂತಿಯ ಬಗ್ಗೆ ಏನು ಬರೆಯುವುದು? ಹಡಗಿನಿಂದ ಹೆಲಿಕಾಪ್ಟರ್ ನಮ್ಮನ್ನು ಒಂದು ಕಲ್ಲುಗುಡ್ಡದ ದಂಡೆಗೆ ಇಳಿಸಿ ಹೋಯಿತು. ನಾವು ಮೂರೇ ಜನ: ಸುಮಂಗಲ ಮೇಡಂ, ನಾನು, ಮತ್ತು ಕ್ಯಾಂಪಿನ ಮುಖ್ಯಸ್ಥ ರಾವತ್ ಸಾಹೇಬರು. ರಾವತ್ ಸಾಹೇಬರು ಹಿಮಾಲಯದ ಕಡೆಯವರು, ಹರೆಯವೆಲ್ಲ ಬೆಟ್ಟ ಹತ್ತಿ ಕಳೆದವರು. ಅವರ ಮಾತು ಹಿಂದಿ, ಅದೂ ಎಣಿಸಿ ಆಡುವ ಹಿಂದಿ. ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಹೆಲಿಕಾಪ್ಟರಿನ ಸದ್ದು ಅಡಗಿದ ಮೇಲೆ ಮೊದಲು ಬಂದದ್ದು ವಾಸನೆ. ನಮ್ಮ ಕಡೆಯ ಕೋಳಿ ಫಾರಂ ಪಕ್ಕದಲ್ಲಿ ಮೀನು ಮಾರ್ಕೆಟ್ ಇಟ್ಟರೆ ಹೇಗೋ ಹಾಗೆ. ಆಮೇಲೆ ಸದ್ದು. ಸಾವಿರಾರು ಗಂಟಲು ಒಟ್ಟಿಗೆ ಜಗಳಕ್ಕೆ ನಿಂತ ಸದ್ದು. ದಿಬ್ಬ ಹತ್ತಿ ಆಚೆ ನೋಡಿದೆ. ಯಾ ಅಲ್ಲಾ! ಇಳಿಜಾರಿನ ತುಂಬ ಪೆಂಗ್ವಿನ್! ಕೂತ ಪೆಂಗ್ವಿನ್, ನಿಂತ ಪೆಂಗ್ವಿನ್, ಹೊಟ್ಟೆಯ ಮೇಲೆ ಜಾರುವ ಪೆಂಗ್ವಿನ್! ಕೈಗೆ ಹತ್ತಿದ ಸುಣ್ಣ ಬಟ್ಟೆಗೆ ತಾಗದ ಹಾಗೆ ಎರಡೂ ಕೈ ಹೊರಗೆ ಚಾಚಿಕೊಂಡು ನಡೆಯುತ್ತಿದ್ದವು. ನನಗೆ ಸಂತೋಷ ತಡೆಯಲಾಗಲಿಲ್ಲ, ಅಲ್ಲೇ ಕುಣಿದೇಬಿಟ್ಟೆ. ರಾವತ್ ಸಾಹೇಬರು ಹೆಗಲು ಹಿಡಿದು ಕೂರಿಸಿದರು.

"ಐದು ಹೆಜ್ಜೆ ದೂರ. ನೀನು ಅವುಗಳ ಹತ್ತಿರ ಹೋಗುವ ಹಾಗಿಲ್ಲ. ಅವೇ ಬಂದರೆ ಅಲ್ಲಾಡದೆ ಕೂರು," ಎಂದರು.

ಬಂದೇ ಬಂತು ಒಂದು! ನನ್ನ ಮೊಣಕಾಲಿನ ಎತ್ತರ, ಕಣ್ಣಿನ ಸುತ್ತ ಬಿಳಿ ಬಳೆ. ನೇರ ನನ್ನ ಬೂಟಿನ ಹತ್ತಿರ ನಿಂತು ಲೇಸು ಎಳೆದು ನೋಡಿತು. ಉಸಿರು ಬಿಗಿಹಿಡಿದೆ. ಅದು ಲೇಸು ಬಿಟ್ಟು, ನನ್ನ ಮುಖ ನೋಡಿ, ಏನೋ ಒಂದು ಬೈದು ಹೋಯಿತು. ಅದು ಬೈದದ್ದು ಯಾಕೆಂದು ಮೂರು ದಿನದ ಮೇಲೆ ತಿಳಿಯಿತು: ಆ ಊರಲ್ಲಿ ಲೇಸಿಗೆ ಬೆಲೆಯಿಲ್ಲ, ಕಲ್ಲಿಗೆ ಬೆಲೆ.

ಡೇರೆಗೆ ಕೆಳಗಡೆ ಸುತ್ತಲೂ ಒಂದು ಮೊಳ ಅಗಲದ ಅಂಚು ನೆಲದ ಮೇಲೆ ಹರಡಿಕೊಂಡಿರುತ್ತದೆ. ಸೆರಗು ಎನ್ನುತ್ತೇವೆ. ಅದರ ಮೇಲೆ ಭಾರ ಹೇರಿದರೆ ಗಾಳಿ ಒಳಗೆ ನುಗ್ಗುವುದಿಲ್ಲ. ಅಡುಗೆ ಡೇರೆ, ಮಲಗುವ ಡೇರೆಗಳ ಸೆರಗಿನ ಮೇಲೆ ಹಿಮದ ಗಡ್ಡೆ ಕಡಿದು ಹೇರಿದೆವು. ನೋಡುವ ಡೇರೆ ಮಾತ್ರ ಪೆಂಗ್ವಿನ್ ಊರಿನ ಅಂಚಿನಲ್ಲಿ, ಬರೀ ಕಲ್ಲಿನ ನೆಲದ ಮೇಲೆ. ರಾವತ್ ಸಾಹೇಬರು, "ಅತ್ತಲಿಂದ ದೊಡ್ಡ ಬಂಡೆಗಲ್ಲು ತಂದು ಸೆರಗಿನ ಮೇಲೆ ಹೇರು," ಎಂದು ಹೇಳಿ ಮೇಡಂ ಜೊತೆ ಗುಡ್ಡದ ಆಚೆ ಬದಿಯ ಗೂಡುಗಳನ್ನು ಎಣಿಸಲು ಹೋದರು. ಆ ಕೆಲಸವೇ ಅವರಿಬ್ಬರಿಗೆ ಎರಡು ದಿನ ಹಿಡಿಯಿತು.

ನಾನು ಬಂಡೆಗಲ್ಲು ನೋಡಿದೆ. ಒಡೆದ ಅಂಚುಗಳು ಕತ್ತಿಯ ಹಾಗಿದ್ದವು. ಉಸ್ತಾದರು ಆರು ತಿಂಗಳು ಕೂತು ಹೊಲಿದ ಬಟ್ಟೆ! ಅದರ ಮೇಲೆ ಈ ಕತ್ತಿ ಇಡುವುದೇ? ಸುತ್ತ ನೋಡಿದರೆ ಕೈಗೆ ಹಿತವಾಗುವ ನುಣುಪು ಸಣ್ಣ ಕಲ್ಲುಗಳು ಬೇಕಾದಷ್ಟು ಬಿದ್ದಿದ್ದವು. ಸಾಹೇಬರಿಗೆ ಬೆಟ್ಟ ಗೊತ್ತಿರಬಹುದು, ಬಟ್ಟೆ ನನಗೆ ಗೊತ್ತು ಎಂದುಕೊಂಡೆ. ಕುಕ್ಕುವಾಡದ ಕಣದಲ್ಲಿ ಇಡುತ್ತಿದ್ದ ಹಾಗೆಯೇ, ಒಂದಕ್ಕೊಂದು ತಾಗಿಸಿ, ಎರಡು ಸಾಲು ಸಣ್ಣ ಕಲ್ಲು ಇಟ್ಟೆ. ಕ್ಯಾಂಪು ಮುಗಿದ ಮೇಲೆ ಅಲ್ಲಿನ ಕಲ್ಲನ್ನು ಎತ್ತಿದಲ್ಲೇ ವಾಪಸು ಇಡಬೇಕೆಂಬ ಷರತ್ತು ಬೇರೆ ಇತ್ತು. ಹಾಗಾಗಿ ಪ್ರತಿ ಕಲ್ಲಿಗೂ ಒಂದು ನೀಲಿ ಗುರುತು ಎಳೆದೆ. ಕೆಲಸ ಮುಗಿಸಿ ದೂರ ನಿಂತು ನೋಡಿದೆ. ಎಂಥ ಚೆಂದ ಕಂಡಿತೆಂದರೆ, ಉಸ್ತಾದರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಅನ್ನಿಸಿತು.

ಮರುದಿನ ನೋಡಿದರೆ ಸಾಲಿನಲ್ಲಿ ಅಲ್ಲಲ್ಲಿ ಸಂದು. ಆತುರದಲ್ಲಿ ಸರಿಯಾಗಿ ಇಟ್ಟಿಲ್ಲವೆಂದು ನನ್ನನ್ನೇ ಬೈದುಕೊಂಡು, ಮತ್ತಷ್ಟು ಕಲ್ಲು ಆರಿಸಿ, ಗುರುತು ಹಾಕಿ, ತುಂಬಿಸಿದೆ. ಎಂಥ ಬೆಪ್ಪ ನೋಡಿ! ಕಳ್ಳರ ಮನೆಗೆ ನಾನೇ ಸಾಮಾನು ಸರಬರಾಜು ಮಾಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ, ನಾವು ಅಡುಗೆ ಡೇರೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಗಾಳಿ ಎದ್ದಿತು. ಬಾತಿ ಗುಡ್ಡದ ಗಾಳಿ ಇದರ ಮುಂದೆ ಬೀಸಣಿಗೆ. ಮಾತು ಕೇಳದಷ್ಟು ಸದ್ದು. ಒಂದು ತಾಸಿನ ಮೇಲೆ ಕೊಂಚ ತಗ್ಗಿತೆಂದು ಹೊರಗೆ ಬಂದರೆ ದಿಬ್ಬದ ಅಂಚಿನಲ್ಲಿ ನೋಡುವ ಡೇರೆ ಇರಲಿಲ್ಲ. ದೂರದರ್ಶಕ, ಕ್ಯಾಮೆರಾ ಪೆಟ್ಟಿಗೆಗಳು ಭಾರಕ್ಕೆ ಅಲ್ಲೇ ಕೂತಿದ್ದವು. ಡೇರೆ ಮಾತ್ರ ಕೆಳಗೆ ಬಂಡೆಗಳಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುತ್ತಿತ್ತು.

ರಾವತ್ ಸಾಹೇಬರು ಕೂಗಾಡಲಿಲ್ಲ. ಒಳಗೆ ಬಂದು ವರದಿ ಪುಸ್ತಕ ತೆಗೆದು ಹೇಳಿದರು: "ಹೊಲಿಗೆ ತಡೆಯಲಿಲ್ಲ. ಒಂದು ಡೇರೆ ಹೀಗಾದರೆ ಉಳಿದ ಎರಡನ್ನು ನಂಬಿ ನಾನು ಇಬ್ಬರ ಜೀವ ಇಡಲಾರೆ. ಮೂರು ದಿನಕ್ಕೆ ಹೆಲಿಕಾಪ್ಟರ್ ಬರುತ್ತದೆ. ಕ್ಯಾಂಪು ಮುಚ್ಚುತ್ತೇವೆ."

ಸುಮಂಗಲ ಮೇಡಂ ತಟ್ಟೆ ಕೆಳಗಿಟ್ಟರು. ಮೊಟ್ಟೆ ಒಡೆಯಲು ಇನ್ನು ಹತ್ತು ಹನ್ನೆರಡು ದಿನವಿತ್ತು. ಹಿಂದಿನ ವರ್ಷವೂ ಇಷ್ಟರಲ್ಲೇ ಕೈತಪ್ಪಿತ್ತು. "ಮತ್ತೊಂದು ವರ್ಷ ಯಾರು ಕೊಡ್ತಾರಣ್ಣ ನನಗೆ?" ಎಂದು ನನ್ನ ಕಡೆ ತಿರುಗಿ ಕೇಳಿದರು. ಅವರು ನನ್ನನ್ನು ದಾದಾಪೀರಣ್ಣ ಎಂದೇ ಕರೆಯುತ್ತಿದ್ದುದು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬಟ್ಟೆ ತರುತ್ತೇನೆಂದು ಹೊರಗೆ ಹೋದೆ. ಬಂಡೆಗಳಿಂದ ಬಿಡಿಸಿ ಒಂದೊಂದೇ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದೆ. ಒಂದು ದಾರವೂ ಬಿಟ್ಟಿರಲಿಲ್ಲ! ಹಗ್ಗ ಕಟ್ಟುವ ಎರಡು ಕಡೆ ಮತ್ತು ಸೆರಗಿನ ಒಂದು ಮಾರು ಉದ್ದ ಬಟ್ಟೆಯೇ ಹರಿದಿತ್ತು, ಹೊಲಿಗೆ ಹಾಗೇ ಇತ್ತು. ಹಾಗಾದರೆ ಗಾಳಿ ಒಳಗೆ ನುಗ್ಗಿದ್ದು ಎಲ್ಲಿಂದ? ಡೇರೆ ಇದ್ದ ಜಾಗಕ್ಕೆ ಬಂದೆ. ನಾನು ಎರಡು ಸಾಲು ಇಟ್ಟಿದ್ದ ಕಲ್ಲುಗಳಲ್ಲಿ ಪೆಂಗ್ವಿನ್ ಊರಿನ ಕಡೆಯ ಬದಿಯಲ್ಲಿ ಒಂದೂ ಉಳಿದಿರಲಿಲ್ಲ. ಗಾಳಿ ಕಲ್ಲು ಹೊತ್ತೊಯ್ಯುತ್ತದೆಯೇ ಎಂದು ತಲೆ ಕೆರೆಯುತ್ತ ನಿಂತಿದ್ದಾಗ, ಐದು ಹೆಜ್ಜೆ ಆಚೆ ಒಂದು ಪೆಂಗ್ವಿನ್ ಕೊಕ್ಕಿನಲ್ಲಿ ಕಲ್ಲು ಕಚ್ಚಿಕೊಂಡು ಗಂಭೀರವಾಗಿ ನಡೆದುಹೋಯಿತು. ಗೂಡಿನಲ್ಲಿ ಕಾವು ಕೂತಿದ್ದ ತನ್ನ ಜೋಡಿಯ ಮುಂದೆ ತಲೆ ಬಗ್ಗಿಸಿ, ಕಲ್ಲು ಇಟ್ಟಿತು. ಕಲ್ಲಿನ ಮೇಲೆ ನೀಲಿ ಕತ್ತರಿ ಗುರುತು!

ಆ ಗೂಡಿನಲ್ಲಿ ಆಗಲೇ ಏಳು ನೀಲಿ ಕಲ್ಲುಗಳಿದ್ದವು. ಪಕ್ಕದ ಗೂಡಿನಲ್ಲಿ ನಾಲ್ಕು. ಅದರಾಚೆಯದರಲ್ಲಿ ಹನ್ನೊಂದು. ಆ ಪೆಂಗ್ವಿನ್‌ಗಳ ಗೂಡೆಂದರೆ ಸಣ್ಣ ಕಲ್ಲಿನ ಗುಡ್ಡೆ. ಅಷ್ಟು ಜನ ಕೂಡಿದ ಊರಲ್ಲಿ ಒಳ್ಳೆ ಕಲ್ಲಿಗೆ ಕೊಲೆಯೊಂದು ಬಾಕಿ. ಒಬ್ಬರದೊಬ್ಬರು ಕದಿಯುತ್ತಾರೆ. ಅಂಥ ಊರಿನ ಬಾಗಿಲಲ್ಲಿ ನಾನು ಆರಿಸಿದ ಕಲ್ಲುಗಳನ್ನು ಸಂತೆಯಲ್ಲಿ ಹರಡಿದಂತೆ ಹರಡಿದ್ದೆ! ಮೊದಲು ನನಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ರಾವತ್ ಸಾಹೇಬರ ವರದಿ ಪುಸ್ತಕ ನೆನಪಾಯಿತು, ನಗು ನಿಂತಿತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಲಿಗೆ ಸರಿಯಿಲ್ಲವೆಂದು ಬರೆದು ಮೂವರೂ ಹಡಗು ಹತ್ತುತ್ತಿದ್ದೆವು. ಬಾಯಿ ಬಿಟ್ಟರೆ ಹೇಳಿದ ಮಾತು ಮೀರಿದವನೆಂದು ನಾನೊಬ್ಬನೇ ಹೋಗಬೇಕು. ಇನ್ನೊಮ್ಮೆ ಕರೆಯುವ ಮಾತೇ ಇಲ್ಲ. ಸುಳ್ಳು ಯಾಕೆ, ಒಂದು ಬೀಡಿ ಸೇದುವಷ್ಟು ಹೊತ್ತು ಅಲ್ಲೇ ಕೂತು ಯೋಚಿಸಿದೆ. ಎದುರಿಗೆ ಆ ಪೆಂಗ್ವಿನ್ ಇನ್ನೊಂದು ಕಲ್ಲು ತಂದಿತು. ಎಲ್ಲಿ ನೋಡಿದರೂ ನೀಲಿ ಗುರುತು. ಹರಿದ ಮ್ಯಾಗೆ ಗುರುತು ಒರೆಸಾಂಗಿಲ್ಲ ಎಂದು ಉಸ್ತಾದರು ಕಿವಿ ಹಿಂಡಿದ ಹಾಗಾಯಿತು. ಎದ್ದು ಅಡುಗೆ ಡೇರೆಗೆ ಹೋದೆ.

"ಸಾಹೇಬರೇ, ಹೊಲಿಗೆ ಬಿಟ್ಟಿಲ್ಲ. ನೀವು ಬಂಡೆಗಲ್ಲು ಹೇರು ಅಂದಿರಿ. ನಾನು ಸಣ್ಣ ಕಲ್ಲು ಇಟ್ಟೆ. ಅವನ್ನು ಪೆಂಗ್ವಿನ್‌ಗಳು ಒಯ್ದವು."

ರಾವತ್ ಸಾಹೇಬರು ಪೆನ್ನು ಕೆಳಗಿಟ್ಟರು. "ಡೇರೆ ಕೆಡವಿದ್ದು ಪೆಂಗ್ವಿನ್ ಎನ್ನುತ್ತೀಯಾ?"

"ಕೆಡವಿದ್ದು ನಾನು. ಅವು ಮನೆ ಕಟ್ಟಿಕೊಂಡವು, ಅಷ್ಟೇ."

ಸುಮಂಗಲ ಮೇಡಂ ಬೈನಾಕ್ಯುಲರ್ ಎತ್ತಿಕೊಂಡು ಹೊರಗೆ ಓಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದರೆ, ಹೊರಗಿಂದ ಕೇಳಿದ್ದು ಕೂಗು: "ದಾದಾಪೀರಣ್ಣ! ಅಲ್ನೋಡ್ರಿ, ಆ ಮೇಲಿನ ಸಾಲಿನಾಗೂ ಐತೆ! ಬಡ್ಡಿಮಗಂದು, ಅದು ಇದರ ಮನೇಲಿ ಕದ್ದೈತೆ!" ಇಷ್ಟು ದೊಡ್ಡ ವಿಜ್ಞಾನಿ ಬೈಯುವುದನ್ನು ನಾನು ಅಂದೇ ಕೇಳಿದ್ದು. ಒಂದು ಕಲ್ಲು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆಂದು ತಿಳಿಯುವ ದಾರಿ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲವಂತೆ. ನನ್ನ ಗುರುತು ಅವರಿಗೆ ದಾರಿ ತೋರಿಸುತ್ತಿತ್ತು. ರಾವತ್ ಸಾಹೇಬರೂ ಬಂದು, ಬೈನಾಕ್ಯುಲರ್ ಇಸಿದುಕೊಂಡು, ಬಹಳ ಹೊತ್ತು ನೋಡಿದರು.

"ಪ್ರತಿ ಕಲ್ಲೂ ಅದರ ಜಾಗಕ್ಕೆ ವಾಪಸಾಗಬೇಕೆಂದು ಷರತ್ತಿದೆ," ಎಂದರು.

"ಸರ್, ಅವು ಆಗ್ಲೇ ಜಾಗಕ್ಕೆ ಸೇರ್ಕೊಂಡಾವೆ," ಎಂದರು ಮೇಡಂ, ಖುಷಿಯಲ್ಲಿ ಅವರಿಗೂ ಕನ್ನಡದಲ್ಲೇ!

ರಾವತ್ ಸಾಹೇಬರು ನನ್ನ ಕಡೆ ತಿರುಗಿದರು. "ಹೊಲಿಗೆ ಗಟ್ಟಿ ಇದೆ ಎಂದರೆ ಕ್ಯಾಂಪು ಮುಚ್ಚುವುದಿಲ್ಲ. ಆದರೆ ಹೇಳಿದ್ದನ್ನು ಮಾಡದವನನ್ನು ಇಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಹೆಲಿಕಾಪ್ಟರ್ ಬಂದಾಗ ನೀನು ಹೋಗು. ಅದಕ್ಕೆ ಮೊದಲು ಡೇರೆ ನಿಲ್ಲಿಸು."

ಸೂರ್ಯ ಮುಳುಗದ ಊರಲ್ಲಿ ಕೆಲಸಕ್ಕೆ ಹೊತ್ತು ಗೊತ್ತಿಲ್ಲ. ಕೂತೆ, ಹೊಲಿದೆ, ಬೆರಳು ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡೆ, ಮತ್ತೆ ಹೊಲಿದೆ. ಹರಿಹರದ ಐಸ್ ಫ್ಯಾಕ್ಟರಿಯ ಸ್ಟೂಲಿಗೆ ಮನಸ್ಸಿನಲ್ಲೇ ಸಲಾಂ ಹೊಡೆದೆ. ಆಮೇಲೆ ಬಂಡೆಗಲ್ಲಿನ ಪ್ರಶ್ನೆ. ಕತ್ತಿಯಂಥ ಅಂಚು ಬಟ್ಟೆಗೆ ತಾಗಬಾರದು, ಕಲ್ಲು ಕೊಕ್ಕಿನಿಂದ ಎತ್ತುವ ಹಾಗೂ ಇರಬಾರದು. ಮಿಕ್ಕ ಬಟ್ಟೆಯಲ್ಲಿ ದಿಂಬಿನ ಚೀಲಗಳನ್ನು ಹೊಲಿದು, ಒಂದೊಂದು ಚೀಲಕ್ಕೆ ಒಂದೊಂದು ಬಂಡೆಗಲ್ಲು ತೂರಿಸಿ, ಬಾಯಿ ಹೊಲಿದು ಸೆರಗಿನ ಮೇಲೆ ಹೇರಿದೆ. ಈಗಲೂ ಕಲ್ಲು ನೆಲದ ಕ್ಯಾಂಪಿಗೆ ಹೋಗುವ ನಮ್ಮ ಡೇರೆಗಳ ಜೊತೆ ಖಾಲಿ ದಿಂಬಿನ ಚೀಲಗಳು ಹೋಗುತ್ತವೆ. ಅದು ಯಾಕೆಂದು ಹೊಸಬರು ಕೇಳುತ್ತಾರೆ. ಅದು ನನ್ನ ತಪ್ಪಿನ ಚೀಲ.

ಹೊರಡುವ ಬೆಳಿಗ್ಗೆ ರಾವತ್ ಸಾಹೇಬರ ಹತ್ತಿರ ಒಂದೇ ಒಂದು ಕೇಳಿಕೊಂಡೆ, ಹೊಲಿಗೆಯ ಬಗ್ಗೆ ವರದಿಯಲ್ಲಿ ಬರೆದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು. ಬರೆದು, ಸಹಿ ಮಾಡಿ ಕೊಟ್ಟರು. ಹೆಲಿಕಾಪ್ಟರಿನಲ್ಲಿ ಕೂತು ಓದಿದೆ. ಎರಡು ಸಾಲಿದ್ದವು. "ಹೊಲಿಗೆಯಲ್ಲಿ ದೋಷವಿಲ್ಲ. ಡೇರೆ ಬಿದ್ದದ್ದು ಕಟ್ಟಿದವನ ತಪ್ಪಿನಿಂದ." ಮೊದಲ ಸಾಲು ಓದಿ ಹಗುರಾದೆ, ಎರಡನೆಯದು ಓದಿ ಅತ್ತೆ. ಒಂದು ಮರಿಯನ್ನೂ ನೋಡದೆ ಹೊರಟಿದ್ದೆನಲ್ಲ, ಆ ದುಃಖವೂ ಅದರಲ್ಲಿ ಸೇರಿಕೊಂಡಿತು.

ಹಡಗಿನಲ್ಲಿ ಒಂಬತ್ತನೆಯ ದಿನ ನನಗೆ ಸ್ಯಾಟಲೈಟ್ ಫೋನ್ ಬಂದಿದೆಯೆಂದು ಕರೆದರು. ಸುಮಂಗಲ ಮೇಡಂ!

"ದಾದಾಪೀರಣ್ಣ, ನಿಮ್ಮ ಏಳು ಕಲ್ಲಿನ ಮನೆ ಐತಲ್ಲ..."

"ಡೇರೆ ಹೆಂಗೈತೆ ಮೇಡಂ?"

"ಡೇರೆ ಸುಡ್ಲಿ, ಕೇಳ್ರಿ ಇಲ್ಲಿ! ಎರಡು ಮರಿ! ಬೂದಿ ಬಣ್ಣ, ಹತ್ತಿ ಉಂಡೆ ಇದ್ದಂಗವೆ! ನಿನ್ನೆ ಮತ್ತೆ ಗಾಳಿ ಬಂತು. ಡೇರೆ ಅಲ್ಲಾಡ್ಲಿಲ್ಲ. ಒಳಗೆ ಕುಂತೇ ನೋಡಿದೆ."

ನಾನು ಹಡಗಿನ ಕಂಬಿ ಹಿಡಿದುಕೊಂಡು "ಎರಡಾ? ಎರಡಾ?" ಎಂದು ಎಷ್ಟು ಸಲ ಕೇಳಿದೆನೋ. ಅಷ್ಟರಲ್ಲಿ ಫೋನಿನಲ್ಲಿ ರಾವತ್ ಸಾಹೇಬರ ದನಿ ಬಂತು. "ಮುಂದಿನ ವರ್ಷ ಸೀಮೆಸುಣ್ಣ ಹೆಚ್ಚು ತಾ. ಆ ಸಲ ಅನುಮತಿ ಪಡೆದು ಗುರುತು ಹಾಕೋಣ," ಎಂದು ಹೇಳಿ ಇಟ್ಟುಬಿಟ್ಟರು. ಮುಂದಿನ ವರ್ಷ! ಹಡಗಿನ ಅಡುಗೆಯವನನ್ನು ತಬ್ಬಿಕೊಂಡು ಕುಣಿದೆ. ಅಂದು ವಾಂತಿಯೂ ಆಗಲಿಲ್ಲ.

ಊರಿಗೆ ಬಂದು ನೇರ ಅಂಗಡಿಗೆ ಹೋದೆ. ಷಾಹಿದಾ ಇದನ್ನು ಇನ್ನೂ ಕ್ಷಮಿಸಿಲ್ಲ. ಉಸ್ತಾದರು ಮಿಷನ್ ನಿಲ್ಲಿಸಿ ನನ್ನನ್ನು ಕೂರಿಸಿಕೊಂಡರು. ಎಲ್ಲ ಹೇಳಿದೆ, ಒಂದನ್ನೂ ಮುಚ್ಚಿಡದೆ. ಚೀಟಿ ತೆಗೆದು ಓದಿದೆ. "ಇನ್ನೊಂದ್ಸಲ ಓದು," ಎಂದರು. ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಅವ್ರು ದೊಡ್ಡ ಕಲ್ಲು ಇಡು ಅಂದಿದ್ರಾ?"

"ಹೂಂ."

"ಮತ್ತ ನೀನ್ಯಾಕ ಸಣ್ಣ ಕಲ್ಲು ಇಟ್ಟಿ?"

"ನೀವು ಹೇಳಿದ್ರಲ್ಲ ಉಸ್ತಾದ್."

"ನಾನು ಹೇಳಿದ್ದು ಕಣಕ್ಕಪ್ಪ. ಕಣದಾಗೆ ಕಲ್ಲು ಕದಿಯೋ ಹಕ್ಕಿ ಎಲ್ಲೈತೆ? ಅಲ್ಲಿ ಯಾರ ಮನೆ ಮುಂದೆ ಕುಂತೀವಿ ಅಂತ ಮೊದಲು ನೋಡಬೇಕಿತ್ತು ನೀನ್," ಎಂದರು. ಹುಡುಗರೇ, ನಿಮಗೆ ಹೇಳಬೇಕೆಂದಿದ್ದ ಬುದ್ಧಿಮಾತು ಇದೇ. ನನ್ನ ಬಾಯಲ್ಲಿ ಕೇಳುವುದಕ್ಕಿಂತ ಅವರ ಬಾಯಲ್ಲಿ ಕೇಳಿದರೆ ಚೆಂದ.

ಆಮೇಲೆ ಅವರು ಚೀಟಿ ಇಸಿದುಕೊಂಡು ಮಿಷನ್ನಿನ ಹಲಗೆಯ ಮೇಲೆ ಇಟ್ಟರು. ಅವರಿಗೆ ಹಿಂದಿ ಓದಲು ಬರುತ್ತಿರಲಿಲ್ಲ. "ನಿನ್ನ ತಪ್ಪು ಅಂತ ಬರೆದಿರೋ ಸಾಲು ಯಾವ್ದು, ತೋರ್ಸು," ಎಂದರು. ಬೆರಳಿಟ್ಟು ತೋರಿಸಿದೆ. ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು, ಆ ಸಾಲಿನ ಪಕ್ಕದಲ್ಲಿ ನಿಧಾನವಾಗಿ, ದಪ್ಪಗೆ, ಒಂದು ನೀಲಿ ಕತ್ತರಿ ಗುರುತು ಎಳೆದು ಚೀಟಿಯನ್ನು ನನ್ನ ಜೇಬಿಗೆ ತುರುಕಿದರು.

"ಇದೂ ನಮ್ದೇ," ಎಂದರು. "ಈಗ ಮನೆಗೆ ಹೋಗು, ಷಾಹಿದಾ ಕಾಯ್ತಿರ್ತಾಳೆ."